ಸಮಯ ಕಡಿಮೆ ಮಾಡೋದಕ್ಕೂ ವಸ್ತು ಮಡಚೋದಕ್ಕೂ ಹೊಂದುವ ಒಂದೇ ಇಂಗ್ಲಿಷ್ ಕ್ರಿಯಾಪದ ಇದೆಯಾ?

ನಾನೂ ಹೀಗೇ ಒಂದು ಪದ ಹಿಡಿದು ಎಲ್ಲ ಕಡೆ ಬಳಸೋಕೆ ಹೋದವನೇ. 40 ಮಂಚದ ಆರ್ಡರ್ ಕೈತಪ್ಪಿತು.

ಆಗ ದಾವಣಗೆರೆಯಲ್ಲಿ, ಪಿ.ಬಿ. ರಸ್ತೆ ಹತ್ತಿರ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಬಿಲ್ ಬರೆಯುತ್ತಿದ್ದೆ. ಮಡಚುವ ಕಬ್ಬಿಣದ ಮಂಚ ನಮ್ಮ ಮಾಲು. ಪುಣೆಯ ಹಾಸ್ಟೆಲ್ ಒಂದರವರು ವಿವರ ಕೇಳಿ ಮೇಲ್ ಹಾಕಿದರು. ಇಂಗ್ಲಿಷ್ ಬರೆಯೋನು ನಾನೊಬ್ಬನೇ. ಡಿಕ್ಷನರಿಯಲ್ಲಿ 'ಕೊಲ್ಯಾಪ್ಸಿಬಲ್' ಅಂದರೆ ಮಡಚಬಹುದಾದದ್ದು ಅಂತ ಇತ್ತು. ಅದು ಸರಿಯೇ. ನಾನು ಅದರ ಬಾಲ ಕಿತ್ತು ಬರೆದೆ: 'ಅವರ್ ಕಾಟ್ಸ್ ಕೊಲ್ಯಾಪ್ಸ್ ವೆರಿ ಈಸಿಲಿ.'

ನಮ್ಮ ಮಂಚ ಬಹಳ ಸುಲಭವಾಗಿ ಕುಸಿದು ಬೀಳುತ್ತೆ!

ಪದ ತಪ್ಪಲ್ಲ, ಕೆಲಸ ಯಾರದು ಅನ್ನೋದು ತಪ್ಪು. 'ಯು ಕ್ಯಾನ್ ಕೊಲ್ಯಾಪ್ಸ್ ದ ಕಾಟ್' ಅಂದರೆ ಮಡಚೋರು ನೀವು. 'ದ ಕಾಟ್ ಕೊಲ್ಯಾಪ್ಸಸ್' ಅಂದರೆ ಮಂಚ ತಾನೇ ಮಾಡಿಕೊಳ್ಳುತ್ತೆ. ಲ್ಯಾಟಿನ್ ಮೂಲದಲ್ಲೇ ಈ ಪದಕ್ಕೆ ಒಟ್ಟಿಗೆ ಬೀಳು ಅಂತ ಅರ್ಥ. ಮಗುವಿನ ತಳ್ಳುಗಾಡಿಗೆ ಇಂಗ್ಲಿಷಿನವರೇ ನನ್ನ ಥರ ಬರೆಯೋದುಂಟು, ನಿಜ. ಆದರೆ ತಳ್ಳುಗಾಡಿ ಮೇಲೆ 80 ಕಿಲೋ ಮನುಷ್ಯ ಮಲಗಲ್ಲ. ಸುಮ್ನೆ 'ಫೋಲ್ಡ್' ಅಂದಿದ್ದರೆ ಸಾಕಿತ್ತು. ನನಗೆ ದೊಡ್ಡ ಪದದ ಶೋಕಿ.

ಸಮಯದ್ದು ಬೇರೆ ಲೆಕ್ಕ. 10ರಿಂದ 12ರ ಮೀಟಿಂಗನ್ನು 11ಕ್ಕೇ ಮುಗಿಯೋ ಹಾಗೆ ಮೊದಲೇ ಗೊತ್ತು ಮಾಡಿದರೆ 'ಶಾರ್ಟನ್'. ಶುರುವಾದ ಮೇಲೆ ನಡುವೆಯೇ ಎದ್ದು ಹೋದರೆ 'ಕಟ್ ಶಾರ್ಟ್'. ಅದೇ ಮೀಟಿಂಗನ್ನು 10ರ ಬದಲು 9ಕ್ಕೇ ಶುರು ಮಾಡಿ 11ಕ್ಕೆ ಮುಗಿಸಿದರೆ ನಮ್ಮ ಇಂಡಿಯಾದ 'ಪ್ರಿಪೋನ್', ಅದರಲ್ಲಿ ಒಂದು ನಿಮಿಷವೂ ಉಳಿಯಲ್ಲ. 'ಕರ್ಟೇಲ್' ಅಂದರೂ ಮೊಟಕು ಮಾಡೋದೇ, ಆದರೆ ನನಗೆ ಅದರಲ್ಲಿ ಸರ್ಕಾರಿ ಸುತ್ತೋಲೆ ವಾಸನೆ. ಬಾಲ ಕತ್ತರಿಸಿದ ಕುದುರೆಗೆ ಹೇಳುತ್ತಿದ್ದ ಪದದಿಂದ ಬಂದದ್ದಂತೆ ಅದು, ಅಷ್ಟು ಮಾತ್ರ ಇಷ್ಟ.

ಹಾಗಾಗಿ ಒಂದೇ ಪದದ ಆಸೆ ಬಿಡಿ. ಕನ್ನಡದಲ್ಲಿ ಚಾಪೆ ಸುತ್ತುತ್ತೀವಿ, ಛತ್ರಿ ಮಡಚುತ್ತೀವಿ, ರಜೆ ಮೊಟಕು ಮಾಡುತ್ತೀವಿ. ಯಾರಾದರೂ ರಜೆ ಮಡಚುತ್ತಾರಾ? ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ, ಆಮೇಲೆ ಇಂಗ್ಲಿಷಿಗೆ ಹೋಗಿ.

ಪುಣೆಯಿಂದ ಉತ್ತರ ಬರಲೇ ಇಲ್ಲ. ಫೋನ್ ಮಾಡಿದಾಗ ಆ ಕಡೆಯವರು ಜೋರಾಗಿ ನಕ್ಕು, ಬೇರೆ ಕಡೆ ತಗೊಂಡ್ವಿ ಅಂದರು. ಮಾಲೀಕರು ಬೈಯಲಿಲ್ಲ. ಅವತ್ತಿನಿಂದ ಯಾರೇ ವಿವರ ಕೇಳಲಿ, ಮೇಲ್ ಜೊತೆ ಒಂದು ಫೋಟೊ ಹೋಗುತ್ತಿತ್ತು: ನಮ್ಮ ಮೂವರು ವೆಲ್ಡಿಂಗ್ ಹುಡುಗರು ಒಂದೇ ಮಂಚದ ಮೇಲೆ ಕೂತು ಮಂಡಕ್ಕಿ ಮಿರ್ಚಿ ತಿನ್ನುತ್ತಿರೋದು.