ಇಂಗ್ಲೆಂಡಿನಲ್ಲಿ ಕೌನ್ಸೆಲರ್ ಆಗಬೇಕು ಎಂದು ಕೇಳಿದವರಿಗೆ

ನಮಸ್ಕಾರ. ಊರಲ್ಲಿದ್ದಾಗ ಅಕ್ಕಪಕ್ಕದವರೆಲ್ಲ ತಮ್ಮ ಕಷ್ಟಸುಖ ನಿಮ್ಮ ಹತ್ತಿರವೇ ಹೇಳಿಕೊಳ್ಳುತ್ತಿದ್ದರು, ಮೈಸೂರಿನ ಸೈಕಾಲಜಿ ಎಂ.ಎ. ಇದೆ, ಯಜಮಾನರ ವೀಸಾ ಮೇಲೆ ಲೆಸ್ಟರ್‌ಗೆ ಬಂದು ಐದು ತಿಂಗಳಾಯಿತು, ಇಲ್ಲಿ ಕೌನ್ಸೆಲರ್ ಆಗಲು ಎಷ್ಟು ವರ್ಷ ಬೇಕು ಎಂದು ಕೇಳಿದ್ದೀರಿ. ನನಗೆ ಐದು ವರ್ಷ ಹಿಡಿಯಿತು. ಅದರಲ್ಲಿ ಮೊದಲ ಎಂಟು ತಿಂಗಳು ದಂಡವಾಯಿತು. ನಿಮಗೆ ಹಾಗಾಗಬಾರದು ಅಂತ ಅದನ್ನೇ ಮೊದಲು ಹೇಳುತ್ತೇನೆ.

ಈ ದೇಶದಲ್ಲಿ ‘ಕೌನ್ಸೆಲರ್’ ಅನ್ನುವ ಹೆಸರಿಗೆ ಕಾನೂನಿನ ಕಾವಲಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳಬೇಕಾದರೆ ಎಚ್‌ಸಿಪಿಸಿ ಅನ್ನುವ ನಿಯಂತ್ರಣ ಸಂಸ್ಥೆಯಲ್ಲಿ ನೋಂದಣಿ ಇರಲೇಬೇಕು. ಕೌನ್ಸೆಲರ್ ಅಂತ ಯಾರು ಬೇಕಾದರೂ ಬೋರ್ಡು ಹಾಕಬಹುದು. ಅದಕ್ಕೇ ಮನೆಯಲ್ಲಿ ಕೂತು ಓದಿ ಸರ್ಟಿಫಿಕೇಟ್ ಪಡೆಯುವ ಕೋರ್ಸುಗಳು ಬೇಕಾದಷ್ಟಿವೆ. ನಾನೂ ಅಂಥದ್ದಕ್ಕೆ ದುಡ್ಡು ಕಟ್ಟಿದೆ, ಡಿಪ್ಲೊಮಾವೂ ಬಂತು. ಅದನ್ನು ಹಿಡಿದುಕೊಂಡು ಒಂದು ಚಾರಿಟಿಗೆ ಹೋದರೆ ಅಲ್ಲಿನವರು ಕೇಳಿದ್ದು ಒಂದೇ: ತರಗತಿಯಲ್ಲಿ ಮನುಷ್ಯರನ್ನು ಎದುರಿಗೆ ಕೂರಿಸಿಕೊಂಡು ಎಷ್ಟು ಗಂಟೆ ಅಭ್ಯಾಸ ಮಾಡಿದ್ದೀರಿ? ಒಂದು ಗಂಟೆಯೂ ಇರಲಿಲ್ಲ.

ಸಾಮಾನ್ಯವಾದ ದಾರಿ ಇದು. ಹತ್ತಿರದ ಕಾಲೇಜಿನಲ್ಲಿ ಸಂಜೆ ತರಗತಿಯಾಗಿ ಲೆವೆಲ್ 2, ಆಮೇಲೆ ಲೆವೆಲ್ 3, ಅದಾದ ಮೇಲೆ ಲೆವೆಲ್ 4 ಡಿಪ್ಲೊಮಾ. ಈ ಕೊನೆಯದು ಪಾರ್ಟ್‌ಟೈಮ್ ಆದರೆ ಎರಡು ವರ್ಷ. ಕೌನ್ಸೆಲರ್‌ಗಳ ವೃತ್ತಿ ಸಂಘವಾದ ಬಿಎಸಿಪಿಯ ಸದಸ್ಯತ್ವಕ್ಕೆ ಅದರಲ್ಲಿ ಕನಿಷ್ಠ 100 ಗಂಟೆ ನಿಜವಾದ ಕ್ಲೈಂಟ್‌ಗಳ ಜೊತೆ, ಸೂಪರ್ವೈಸರ್ ಕಣ್ಗಾವಲಿನಲ್ಲಿ ಕೆಲಸ ಮಾಡಿರಬೇಕು. ನೂರು ಗಂಟೆ ಏನು ಮಹಾ ಅನ್ನಿಸುತ್ತದೆ. ವಾರಕ್ಕೆ ಇಬ್ಬರು, ಮೂವರು ಸಿಗುತ್ತಾರೆ, ಅದರಲ್ಲಿ ಒಬ್ಬರು ಬರುವುದಿಲ್ಲ, ಬರದಿದ್ದ ಗಂಟೆ ಲೆಕ್ಕಕ್ಕಿಲ್ಲ. ನಾನು ಹಾಲಿನ ಲೆಕ್ಕದ ಹಾಗೆ ಒಂದು ಪುಸ್ತಕದಲ್ಲಿ ಗೀಟು ಹಾಕಿಡುತ್ತಿದ್ದೆ. ನೂರು ಗೀಟಾಗಲು ಹದಿನಾಲ್ಕು ತಿಂಗಳು ಬೇಕಾಯಿತು. ಇದಕ್ಕೆ ಸಾಮಾನ್ಯವಾಗಿ ಸಂಬಳವಿಲ್ಲ, ನನಗೆ ಬಸ್ಸಿನ ಖರ್ಚೂ ಕೈಯಿಂದಲೇ.

ಎಲ್ಲರೂ ನನ್ನ ಹತ್ತಿರ ಹೇಳಿಕೊಳ್ಳುತ್ತಿದ್ದರು ಅಂದಿರಲ್ಲ, ನಾನೂ ಅದೇ ಧೈರ್ಯದ ಮೇಲೆ ಸೇರಿದವಳು. ತರಗತಿಯಲ್ಲಿ ಮೂರು ಮೂರು ಜನರ ಗುಂಪು ಮಾಡುತ್ತಾರೆ. ಒಬ್ಬರು ಕೌನ್ಸೆಲರ್, ಒಬ್ಬರು ಕ್ಲೈಂಟ್, ಇನ್ನೊಬ್ಬರು ನೋಡುವವರು. ಸಹಪಾಠಿಯೊಬ್ಬರು ತಮ್ಮ ಅಣ್ಣನ ವಿಷಯ ಹೇಳುತ್ತ ಅಳತೊಡಗಿದರು. ನಾನು ತಕ್ಷಣ ಟಿಶ್ಯೂ ಡಬ್ಬಿ ಅವರ ಮುಂದೆ ಹಿಡಿದು ‘ಸಮಾಧಾನ ಮಾಡಿಕೊಳ್ಳಿ’ ಅಂದೆ. ಅವರು ಕಣ್ಣೊರೆಸಿಕೊಂಡು ಮಾತು ಬದಲಾಯಿಸಿಬಿಟ್ಟರು. ಆಮೇಲೆ ಟ್ಯೂಟರ್ ಮೆಲ್ಲಗೆ ಕೇಳಿದರು, ಅಳು ನಿಲ್ಲಬೇಕಾಗಿದ್ದದ್ದು ಅವರಿಗೋ ನಿಮಗೋ ಅಂತ. ಮನೆಗೆ ಬಂದು ಅನ್ನಕ್ಕಿಟ್ಟು ಅಲ್ಲೇ ನಿಂತಿದ್ದೆ, ಕುಕ್ಕರ್ ಎಷ್ಟು ಕೂಗಿತು ಗೊತ್ತಾಗಲಿಲ್ಲ. ನಮ್ಮಲ್ಲಿ ಕಷ್ಟ ಹೇಳಿಕೊಂಡು ಬಂದವರಿಗೆ ಎರಡು ಬುದ್ಧಿಮಾತು ಹೇಳಿ ಕಾಫಿ ಕೊಟ್ಟು ಕಳಿಸುವುದು ಪ್ರೀತಿಯೇ. ಆದರೆ ಈ ಕೆಲಸದಲ್ಲಿ ಆ ಬುದ್ಧಿಮಾತನ್ನೇ ನುಂಗಿಕೊಂಡು ಕೂರಬೇಕು. ನನಗೆ ಅತ್ಯಂತ ಕಷ್ಟವಾದದ್ದು ಇದು. ಈಗ ಡಬ್ಬಿಯನ್ನು ಅವರ ಕೈಗೆಟುಕುವ ಹಾಗೆ ಮೊದಲೇ ಇಟ್ಟಿರುತ್ತೇನೆ, ಎತ್ತಿ ಕೊಡುವುದಿಲ್ಲ.

ನನ್ನ ಡಿಪ್ಲೊಮಾದಲ್ಲಿ ನಾವೂ ಇನ್ನೊಬ್ಬ ಥೆರಪಿಸ್ಟ್ ಹತ್ತಿರ ಹೋಗಲೇಬೇಕೆಂದಿತ್ತು. ವಾರಕ್ಕೆ 45 ಪೌಂಡ್. ದುಬಾರಿ ಅನ್ನಿಸಿತ್ತು, ಈಗ ಅನ್ನಿಸುವುದಿಲ್ಲ. ಅಪ್ಪ ತೀರಿಕೊಂಡಾಗ ನಾನು ಊರು ತಲುಪುವಷ್ಟರಲ್ಲಿ ಅಣ್ಣ ಕ್ರಿಯೆಯೆಲ್ಲ ಮುಗಿಸಿಬಿಟ್ಟಿದ್ದ. ಅದನ್ನು ಇಂಗ್ಲಿಷಿನಲ್ಲಿ ಎಷ್ಟು ಹೇಳಿದರೂ ವರದಿ ಓದಿದ ಹಾಗಾಗುತ್ತಿತ್ತು. ಒಂದು ದಿನ ಆಕೆ, ನಿಮ್ಮ ಭಾಷೆಯಲ್ಲೇ ಹೇಳಿ, ನನಗೆ ಅರ್ಥವಾಗದಿದ್ದರೂ ಪರವಾಗಿಲ್ಲ ಅಂದರು. ‘ಅಣ್ಣನ ಮೇಲೆ ಬೇಜಾರಿದೆ, ನನಗೋಸ್ಕರ ಒಂದು ದಿನ ಕಾಯಲಿಲ್ಲ’ ಅಂದೆ. ಹೇಳುವವರೆಗೆ ಅದು ನನಗೇ ಗೊತ್ತಿರಲಿಲ್ಲ. ಆ ‘ಬೇಜಾರು’ ಅನ್ನುವುದನ್ನು ಇಂಗ್ಲಿಷಿಗೆ ತರಲು ಹೋದರೆ ಅರ್ಧ ಇಲ್ಲೇ ಉಳಿಯುತ್ತದೆ. ನಿಮ್ಮ ಕನ್ನಡ ಈ ಕೆಲಸಕ್ಕೆ ಅಡ್ಡಿಯಾಗುತ್ತದೆ ಅಂತ ದಯವಿಟ್ಟು ಅಂದುಕೊಳ್ಳಬೇಡಿ.

ಒಂದು ಎಚ್ಚರಿಕೆ. ಪರಿಚಯದವರನ್ನು ಕ್ಲೈಂಟ್ ಮಾಡಿಕೊಳ್ಳುವ ಹಾಗಿಲ್ಲ. ನಮ್ಮ ಕನ್ನಡದ ಜನ ಇಲ್ಲಿ ಕಡಿಮೆ. ಇವತ್ತು ಮನಸ್ಸು ಬಿಚ್ಚಿದವರು ನಾಳೆ ಯುಗಾದಿ ಊಟದ ಸಾಲಿನಲ್ಲಿ ಎದುರಿಗೆ ಕೂತರೆ ಅವರಿಗೆ ಒಬ್ಬಟ್ಟು ಇಳಿಯುವುದಿಲ್ಲ.

ದುಡ್ಡಿನ ವಿಷಯ: ಡಿಪ್ಲೊಮಾ ಮುಗಿದ ಕೂಡಲೇ ಪೂರ್ತಿ ಸಂಬಳದ ಕೆಲಸ ಸಿಗುವುದು ಕಷ್ಟ. ನಾನು ಎರಡು ದಿನ ಶಾಲೆಯಲ್ಲಿ, ಉಳಿದ ದಿನ ಖಾಸಗಿಯಾಗಿ ಮಾಡುತ್ತೇನೆ. ಬೇಗ ಸಂಬಳ ಬೇಕಿದ್ದರೆ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್‌ನ ಪಿಡಬ್ಲ್ಯುಪಿ (ಸೈಕಲಾಜಿಕಲ್ ವೆಲ್‌ಬೀಯಿಂಗ್ ಪ್ರಾಕ್ಟಿಷನರ್) ಟ್ರೈನಿ ಹುದ್ದೆಗಳನ್ನು ನೋಡಿ. 2008ರಲ್ಲಿ ಐಎಪಿಟಿ ಹೆಸರಲ್ಲಿ ಶುರುವಾದ ಯೋಜನೆ ಅದು. ಆತಂಕ, ಖಿನ್ನತೆ ಇರುವವರಿಗೆ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆ ಬದಲಿಸಿಕೊಳ್ಳಲು ಕಲಿಸುವ ಕ್ರಮದಲ್ಲಿ ನೆರವಾಗುವ ಕೆಲಸ. ಸುಮಾರು ಒಂದು ವರ್ಷದ ತರಬೇತಿ, ಕಲಿಯುವಾಗಲೇ ಸಂಬಳ. ಪೈಪೋಟಿ ಜೋರು, ಆದರೆ ನಿಮ್ಮ ಎಂ.ಎ. ಅಲ್ಲಿ ಉಪಯೋಗಕ್ಕೆ ಬರುತ್ತದೆ.

ಸದ್ಯಕ್ಕೆ ಲೆವೆಲ್ 2 ಸೇರಿ, ಅದರಲ್ಲೇ ನಿಮಗೆ ಒಗ್ಗುತ್ತದೋ ಇಲ್ಲವೋ ತಿಳಿಯುತ್ತದೆ. ಫೀಸು ಕಟ್ಟುವ ಮುಂಚೆ ನಿಮ್ಮ ವೀಸಾಕ್ಕೆ ಯಾವ ದರ ಅಂತ ಕಾಲೇಜಿನಿಂದ ಬರವಣಿಗೆಯಲ್ಲಿ ಕೇಳಿ. ಹೊಸದಾಗಿ ಬಂದವರಿಗೆ ಬಹಳ ಕಡೆ ಹೊರದೇಶದವರ ದರ ಹಾಕುತ್ತಾರೆ. ಕೋರ್ಸಿನ ವಿವರ ಕೈಗೆ ಬಂದ ಮೇಲೆ ನನಗೊಮ್ಮೆ ತೋರಿಸಿ. ಭಾನುವಾರ ಮಧ್ಯಾಹ್ನ ಮನೆಯಲ್ಲೇ ಇರುತ್ತೇನೆ, ಇಬ್ಬರೂ ಕೂತು ನೋಡೋಣ.