ರಕ್ತದ ರಿಪೋರ್ಟಿನಲ್ಲಿ ಬೇಸೋಫಿಲ್ 0% ಅಂತ ಬಂದಿದೆ. ಆ ಕಣ ಇಲ್ಲದಿದ್ದರೆ ಅಪಾಯವೇ? ಅದರ ಕೆಲಸವಾದರೂ ಏನು?

ಗಾಬರಿಯಾಗಬೇಡಿ. ಸೊನ್ನೆ ಅಂದರೆ ನಿಮ್ಮ ಮೈಯಲ್ಲಿ ಬೇಸೋಫಿಲ್ಲೇ ಇಲ್ಲ ಅಂತಲ್ಲ. ನಾನು ಲ್ಯಾಬ್ ಟೆಕ್ನಿಷಿಯನ್. ಡಿಸಿ, ಅಂದರೆ ಬಿಳಿ ರಕ್ತಕಣಗಳ ಬಗೆವಾರು ಎಣಿಕೆ, ಮಾಡುವಾಗ ಸಾಮಾನ್ಯವಾಗಿ ನೂರು ಬಿಳಿ ರಕ್ತಕಣ ಎಣಿಸಿ ನಿಲ್ಲಿಸುತ್ತೇವೆ. ಅವುಗಳಲ್ಲಿ ಒಂದು ಬಗೆಯಾದ ಬೇಸೋಫಿಲ್ ಇರುವುದೇ ನೂರಕ್ಕೆ ಒಂದಕ್ಕಿಂತ ಕಡಿಮೆ. ಎಷ್ಟೋ ಸ್ಲೈಡುಗಳಲ್ಲಿ ಒಂದೂ ಕಣ್ಣಿಗೆ ಬೀಳುವುದಿಲ್ಲ. ಬಿದ್ದರೆ ಮಾತ್ರ ಗುರುತು ತಪ್ಪದು: ಸ್ಲೈಡಿಗೆ ಹಾಕುವ ಲೀಶ್ಮನ್ ಬಣ್ಣ ಹೀರಿಕೊಂಡ, ಕಣದೊಳಗಿನ ದಪ್ಪ ಕಾಳುಗಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ, ಒತ್ತೊತ್ತಾಗಿ ತುಂಬಿ, ಒಳಗಿನ ನ್ಯೂಕ್ಲಿಯಸ್ಸನ್ನೇ ಮುಚ್ಚಿಬಿಟ್ಟಿರುತ್ತವೆ. ನೀರಿಗೆ ಕರಗುವ ಕಾಳುಗಳವು, ಸ್ಲೈಡ್ ಜಾಸ್ತಿ ತೊಳೆದರೆ ಹೋಗಿಬಿಡುತ್ತವೆ.

ಆ ಕಾಳುಗಳಲ್ಲಿ ಹಿಸ್ಟಮಿನ್ ಇರುತ್ತದೆ. ಕಣದ ಮೈಮೇಲೆ ಕೂತ ಐಜಿಇ ಪ್ರತಿಕಾಯಕ್ಕೆ ಅಲರ್ಜಿಯ ವಸ್ತು ತಗುಲಿದರೆ ಆ ಹಿಸ್ಟಮಿನ್ ಹೊರಗೆ ಚೆಲ್ಲುತ್ತದೆ. ತುರಿಕೆ, ಊತ ಶುರು. 1879ರಲ್ಲೇ ಪೌಲ್ ಎರ್ಲಿಖ್ ಈ ಕಣವನ್ನು ಗುರುತಿಸಿದ್ದರೂ ಬಹುಕಾಲ ಯಾರೂ ಹೆಚ್ಚು ಲಕ್ಷ್ಯ ಕೊಡಲಿಲ್ಲ. ಅದು ಅನ್ಯಾಯವೇ ಸರಿ. 2010ರಲ್ಲಿ ಜಪಾನಿನ ಸಂಶೋಧಕರು ಇಲಿಗಳ ಬೇಸೋಫಿಲ್ ತೆಗೆದು ನೋಡಿದರು: ಒಮ್ಮೆ ಉಣುಗು ಕಚ್ಚಿದ ಮೇಲೆ ಎರಡನೇ ಸಲಕ್ಕೆ ಬರಬೇಕಿದ್ದ ಪ್ರತಿರೋಧವೇ ಇಲ್ಲವಾಯಿತು. ಉಣುಗಿನ ಕಾಟ ಕಂಡೇ ಬೆಳೆದ ಮಲೆನಾಡಿನವಳು ನಾನು, ಇದನ್ನು ಮರೆಯಲಾರೆ.

ಇನ್ನೊಂದು ಸಂಗತಿ, ಎಲ್ಲ ಬೇಸೋಫಿಲ್ಲೂ ಒಂದೇ ಥರ ಅಲ್ಲ. 2011ರಲ್ಲಿ, ಇದೂ ಇಲಿಗಳಲ್ಲೇ, ಎರಡು ಬಗೆ ಕಂಡವು. ಐಎಲ್-3 ಎಂಬ ಸಂಕೇತದಿಂದ ಬೆಳೆದವು ಐಜಿಇ ಮೂಲಕ ಕೆರಳಿ ಕಾಳು ಚೆಲ್ಲುತ್ತವೆ. ಚರ್ಮ, ಶ್ವಾಸನಾಳಗಳ ಒಳಪೊರೆ ಹೊರಡಿಸುವ ಇನ್ನೊಂದು ಸಂಕೇತವಾದ ಟಿಎಸ್‌ಎಲ್‌ಪಿಯಿಂದ ಬೆಳೆದವು ಕಾಳು ಚೆಲ್ಲುವುದು ಕಡಿಮೆ, ಆದರೆ ಅಲರ್ಜಿಯ ಉರಿಯೂತ ಹೆಚ್ಚಿಸುವ ಐಎಲ್-4 ಎಂಬ ರಾಸಾಯನಿಕವನ್ನು ಜೋರಾಗಿ ಸುರಿಸುತ್ತವೆ. ನಮ್ಮ ಎಣಿಕೆಯಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಒಂದು ಮಾತು ಮಾತ್ರ ಕೇಳಬೇಕು. ನಿಮಗೆ ತಿಂಗಳುಗಟ್ಟಲೆ ಪಿತ್ತದ ಗಂಧೆ ಏಳುತ್ತಿದೆಯೇ? ಹಾಗಿದ್ದರೆ ರಿಪೋರ್ಟನ್ನು ಚರ್ಮದ ಡಾಕ್ಟರಿಗೆ ತೋರಿಸಿ. ಆ ಕಾಯಿಲೆಯಲ್ಲಿ ಬೇಸೋಫಿಲ್ ರಕ್ತದಿಂದ ಚರ್ಮಕ್ಕೆ ಇಳಿಯುವುದರಿಂದ ಎಣಿಕೆ ತಗ್ಗುತ್ತದೆ, ಗುಣವಾದಂತೆ ಮತ್ತೆ ಏರುತ್ತದೆ.

ನಮಗೆ ಎದೆ ಧಸಕ್ಕೆನ್ನುವುದು ಸಂಖ್ಯೆ ಏರಿದಾಗ. ಸಿಎಂಎಲ್ ಎಂಬ ರಕ್ತದ ಕ್ಯಾನ್ಸರಿನಲ್ಲಿ ಬೇಸೋಫಿಲ್ ಹೆಚ್ಚುತ್ತದೆ. 20% ಮುಟ್ಟಿದರೆ ರೋಗ ಬಿರುಸಾಗುತ್ತಿದೆ ಎಂಬ ಗುರುತು. ಒಂದೇ ಸ್ಲೈಡಿನಲ್ಲಿ ನಾಲ್ಕೈದು ಕಂಡರೆ ನಾನು ನೂರಕ್ಕೆ ನಿಲ್ಲಿಸದೆ ಇನ್ನೂರು ಎಣಿಸಿ, ಸ್ಲೈಡ್ ಹಿಡಿದು ನೇರ ಪೆಥಾಲಜಿಸ್ಟ್ ಮೇಡಂ ಹತ್ತಿರ ಹೋಗುತ್ತೇನೆ.