ಡೊಮೇನ್ ತಗೊಂಡ ಮೇಲೆ ಬರುವ ಫೋನ್‌ಗಳು: ಪ್ರತಿಕ್ರಿಯೆ

ಶಿರಸಿಯ ನಿಮ್ಮ ಹೋಮ್‌ಸ್ಟೇಗೆ ಡಾಟ್ ಕಾಮ್, ಡಾಟ್ ಇನ್ ಎರಡೂ ಡೊಮೇನ್ (ವೆಬ್‌ಸೈಟ್ ಹೆಸರು) ತಗೊಂಡ ಮಾರನೇ ದಿನದಿಂದ ‘ವೆಬ್‌ಸೈಟ್ ಮಾಡಿಕೊಡ್ತೇವೆ’ ಅಂತ ಫೋನ್ ಬರ್ತಿದೆ, ನಂಬರ್ ಹೇಗೆ ಸಿಕ್ತು ಅಂತ ಕೇಳಿದ್ದೀರಿ. ಮೊದಲು ಹೂಈಸ್‌ನಲ್ಲಿ, ಅಂದರೆ ಡೊಮೇನ್ ಯಾರದ್ದು ಅಂತ ಯಾರು ಬೇಕಾದರೂ ಹುಡುಕಬಹುದಾದ ದಾಖಲೆಯಲ್ಲಿ, ನಿಮ್ಮ ಡೊಮೇನ್ ಹಾಕಿ ನಂಬರ್ ಕಾಣ್ತದಾ ನೋಡಿ ಮಾರಾಯ್ರೆ.

ಡಾಟ್ ಕಾಮ್‌ಗೆ, ಡೊಮೇನ್ ಕೊಟ್ಟ ಕಂಪನಿಯ ಖಾತೆಯಲ್ಲಿ ನಿಮ್ಮ ವಿವರ ಮರೆಮಾಡುವ ‘ಪ್ರೈವಸಿ’ ಸೇವೆ ಆನ್ ಮಾಡಿ, ಹಲವು ಕಡೆ ಪುಕ್ಕಟೆ. ಯುರೋಪಿನ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು ಜಿಡಿಪಿಆರ್ 2018ರಲ್ಲಿ ಜಾರಿಯಾದ ಮೇಲೆ ಎಷ್ಟೋ ಕಂಪನಿಗಳು ಆ ವಿವರಗಳನ್ನು ತಾವಾಗೇ ಮರೆಮಾಡುತ್ತವೆ. ಡಾಟ್ ಇನ್‌ಗೆ ಆ ಸೇವೆಗೆ ಅವಕಾಶವಿಲ್ಲ. ಆದರೆ ಫೋನು, ವಿಳಾಸ ರಿಜಿಸ್ಟ್ರಿಯೇ (ಡಾಟ್ ಇನ್ ಹೆಸರುಗಳನ್ನು ನೋಡಿಕೊಳ್ಳುವ ಸಂಸ್ಥೆ) ಮರೆಮಾಡುತ್ತದೆ. ನಿಮ್ಮ ವಿವರಗಳಲ್ಲಿ ‘ಆರ್ಗನೈಸೇಷನ್’ (ಸಂಸ್ಥೆಯ ಹೆಸರು), ರಾಜ್ಯ ಮತ್ತು ದೇಶ ಮಾತ್ರ ಕಾಣ್ತದೆ. ‘ಆರ್ಗನೈಸೇಷನ್’ ಜಾಗದಲ್ಲಿ ನಿಮ್ಮ ಹೆಸರು ಹಾಕಿದ್ದರೆ ತೆಗೆದು ಹೋಮ್‌ಸ್ಟೇ ಹೆಸರು ಹಾಕಿ.

ಸುಳ್ಳು ವಿಳಾಸ ಕೊಡೋ ಯೋಚನೆ ಬೇಡ, ಡೊಮೇನೇ ಹೋದೀತು. ಆಗಲೇ ನಂಬರ್ ಎತ್ತಿಕೊಂಡವರು ಬಿಡೋದಿಲ್ಲ. ಬುಕಿಂಗ್‌ಗೆ ಬೇರೆ ಸಿಮ್ ಇಟ್ಕೊಳ್ಳಿ.